ಸುಣ್ಣ ಹತ್ತದ ಚಪ್ಪಲಿ

"ಇವು ಎಲ್ಲಿ ಸಿಕ್ಕವು?"

ಟೆರೇಸಿನ ಮೇಲೆ ಡೆಪ್ಯುಟಿ ಕಮಿಷನರ್ ಬಸವಂತರಾಯರು ಸತ್ತವನ ಚಪ್ಪಲಿಗಳನ್ನು ತಮ್ಮ ಕೈಯಲ್ಲೇ ಹಿಡಿದುಕೊಂಡಿದ್ದರು. ಪಕ್ಕದ ಹವಾಲ್ದಾರ ಅವನ್ನು ಇಸಿದುಕೊಳ್ಳಲು ಕೈ ಚಾಚಿದ. ಅವರು ಕೊಡಲಿಲ್ಲ.

"ಇಲ್ಲೇ ಸಾರ್, ಈ ಮೆಟ್ಟಿಲ ಬಾಗಿಲ ಹತ್ತಿರ," ಎಂದ ಇನ್‌ಸ್ಪೆಕ್ಟರ್ ದೂಜ. "ಜೋಡಿಸಿ ಇಟ್ಟ ಹಾಗೆ ಇದ್ದವು."

"ಜಗಳಕ್ಕ ಬಂದಾವ ಚಪ್ಪಲಿ ಜೋಡಿಸಿ ಇಡ್ತಾನೇನು? ಗುಡಿಗೆ ಬಂದಂಗ?"

ದೂಜ ಟೋಪಿ ಸರಿಪಡಿಸಿಕೊಂಡ. ಇಲಾಖೆಯ ಕಾಗದಗಳಲ್ಲಿ ಅವನ ಹೆಸರು ಡಿಸೋಜಾ. ಕಾರ್ಕಳದ ಕಡೆಯವನು. ಮೊದಲ ಭೇಟಿಯಲ್ಲಿ "ಊರಲ್ಲಿ ನಮ್ಮನ್ನು ದೂಜ ಅಂತ ಕರೆಯುವುದು ಸಾರ್" ಎಂದಿದ್ದ. ಅಂದಿನಿಂದ ಬಸವಂತರಾಯರ ಬಾಯಲ್ಲಿ ಅವನು ದೂಜನೇ. ಮುಂಬಯಿ ಪೊಲೀಸಿನಲ್ಲಿ ಇಬ್ಬರೇ ನಿಂತಾಗ ಕನ್ನಡ ಆಡಬಹುದಾಗಿದ್ದ ಒಬ್ಬ ಮನುಷ್ಯ.

ಕಳೆದ ಶುಕ್ರವಾರ ಮಧ್ಯಾಹ್ನ ಆಂಟಾಪ್ ಹಿಲ್‌ನ ಈ ಕಟ್ಟಡದ ಹಿಂದಿನ ಗಲ್ಲಿಯಲ್ಲಿ ಸಿದ್ದರಾಮಪ್ಪನ ಹೆಣ ಬಿದ್ದಿತ್ತು. ಬಿಜಾಪುರ ಸೀಮೆಯಿಂದ ಕೂಲಿಗಳನ್ನು ಕರೆತಂದು ಕಟ್ಟಡದ ಕೆಲಸಕ್ಕೆ ಹಚ್ಚುವ ಮುಕಾದಮ ಅವನು. ಟೆರೇಸಿನಲ್ಲಿ ಒಬ್ಬನೇ ಸುಣ್ಣ ಬಳಿಯುತ್ತಿದ್ದ ದಾವಲಸಾಬ ಅವನನ್ನು ಮೇಲಿನಿಂದ ನೂಕಿ ಕೊಂದನೆಂಬುದು ದೂಜನ ಕೇಸು.

ಕಾರಣ ಗಟ್ಟಿಯಾಗಿಯೇ ಇತ್ತು. ಮಳೆಗಾಲದಲ್ಲಿ ವಿಕ್ರೋಳಿಯಲ್ಲಿ ಬಿಲ್ಡರ್ ಪಾಟಣಕರ್ ಕಟ್ಟಿಸುತ್ತಿದ್ದ ಕಟ್ಟಡ ಕುಸಿದು ಕೂಲಿಗಳು ಸತ್ತಿದ್ದರು. ದಾವಲಸಾಬನ ಅಣ್ಣ ಗನಿಸಾಬ ಅವರಲ್ಲೊಬ್ಬ. ಅವತ್ತು ಅವರನ್ನೆಲ್ಲ ಮೇಲಕ್ಕೆ ಹತ್ತಿಸಿದವನು ಇದೇ ಸಿದ್ದರಾಮಪ್ಪ. ಅವನು ಸಾಯುವ ಹಿಂದಿನ ದಿನ ದಾದರ್ ಸ್ಟೇಶನ್ನಿನ ಹೊರಗೆ ಇಬ್ಬರೂ ಅಂಗಿಯ ಕಾಲರು ಹಿಡಿದು ಜಗ್ಗಾಡಿದ್ದನ್ನು ಜನ ನಿಂತು ನೋಡಿದ್ದರು.

"ಆರೋಪಿ ಒಪ್ಪಿಕೊಂಡಿದ್ದಾನೆ ಸಾರ್," ಎಂದ ದೂಜ ಮೆಲ್ಲಗೆ.

"ಯಾರ ಮುಂದ?"

"ನನ್ನ ಮುಂದೆ."

"ನಿನ್ನ ಮುಂದ ಒಪ್ಪಿಕೊಂಡದ್ದು ಕೋರ್ಟಿನ ಹೊಸ್ತಿಲಾ ದಾಟೂದಿಲ್ಲ. ಮ್ಯಾಜಿಸ್ಟ್ರೇಟರ ಮುಂದ ಹೇಳಿದ್ರ ಮಾತ್ರ ಅದು ತಪ್ಪೊಪ್ಪಿಗೆ. ಪೊಲೀಸನ ಮುಂದ ಹೇಳಿದ್ದು ಬರೇ ನೋವಿನ ಮಾತು."

ಬಸವಂತರಾಯರು ಇಂಥ ಮಾತು ಆಡಿದಾಗ ಇಲಾಖೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹಿಂದಿನಿಂದ 'ಬ್ಯಾರಿಸ್ಟರ್ ಸಾಹೇಬ' ಎಂದು ನಗುತ್ತಿದ್ದರು. ಹೆಸರು ಸುಳ್ಳಲ್ಲ. ಸಿಂದಗಿ ಕಡೆಯ ದೇಸಾಯರ ಮನೆಯ ಹುಡುಗ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದು, ಮುಂಬಯಿ ಹೈಕೋರ್ಟಿನಲ್ಲಿ ಕಪ್ಪು ಗೌನು ಹಾಕಿಕೊಂಡು ಕೆಲವು ವರ್ಷ ಓಡಾಡಿದ್ದರು.

ಆಗ ಅವರು ಹಿಡಿದ ಮೊದಲ ಕೊಲೆ ಕೇಸಿನಲ್ಲಿ ಕಕ್ಷಿದಾರನಿಗೆ ಗಲ್ಲಾಯಿತು. ಠಾಣೆಯಲ್ಲಿ ಹೊಡೆದು ಬಡಿದು ಕಟ್ಟಿದ ಕೇಸು ಅದು. ಎಲ್ಲ ಗೊತ್ತಿದ್ದೂ ಕೋರ್ಟಿನಲ್ಲಿ ಅದನ್ನು ಒಡೆಯಲು ಅವರಿಂದ ಆಗಲಿಲ್ಲ. ಸತ್ಯ ಕೋರ್ಟಿಗೆ ಬರುವ ಮೊದಲೇ ಠಾಣೆಯಲ್ಲಿ ಸತ್ತಿರುತ್ತದೆ, ಅದನ್ನು ಉಳಿಸಬೇಕಾದರೆ ಅಲ್ಲಿಯೇ ಇರಬೇಕು ಎಂದು ಗೌನು ಕಳಚಿ ಖಾಕಿ ತೊಟ್ಟರು. ಕೇಸು ಸಿಗಲಿಲ್ಲ, ಅದಕ್ಕೇ ಓಡಿಹೋದ ಎಂದು ವಕೀಲರು ಬಾರ್ ರೂಮಿನಲ್ಲಿ ಆಡಿಕೊಂಡರು. ಎರಡರಲ್ಲೂ ನಿಜವಿತ್ತು.

ಖಾಕಿಯಲ್ಲೇ ತಲೆ ಬೆಳ್ಳಗಾಗಿತ್ತು. ಆದರೆ ಠಾಣೆಯ ಒಳಗಿನ ಸತ್ಯದ ಪಾಡು ಮೊದಲಿದ್ದಂತೆಯೇ ಇತ್ತು.

ಅವರು ಕೈಗೋಡೆಯ ಹತ್ತಿರ ಹೋದರು. ಅದು ಅವರ ಎದೆಮಟ್ಟ ಬರುತ್ತಿತ್ತು.

"ಇದಕ್ಕ ಯಾವಾಗ ಸುಣ್ಣ ಹಚ್ಚಿದ್ದು?"

"ಅದೇ ಶುಕ್ರವಾರ ಬೆಳಿಗ್ಗೆ ಸಾರ್. ಒಳಗೂ ಹೊರಗೂ."

"ಅಂದ್ರ ಮಧ್ಯಾಹ್ನ ಇನ್ನೂ ಹಸಿ ಇತ್ತು. ಸಿದ್ದರಾಮಪ್ಪನ ಮೈಮ್ಯಾಲೆ ಏನಿತ್ತು?"

"ಧೋತ್ರ. ಅಂಗಿಯ ಮೇಲೆ ಕಪ್ಪು ವೇಸ್ಟ್‌ಕೋಟು."

"ನಾ ಶವಾಗಾರದಾಗ ನೋಡಿ ಬಂದೀನಿ. ಆ ಕೋಟಿಗೆ ರಕ್ತ ಹತ್ತಿತ್ತು, ಗಲ್ಲಿ ಕೆಸರು ಹತ್ತಿತ್ತು. ಸುಣ್ಣದ ಒಂದು ಗೀರು ಇರಲಿಲ್ಲ." ಬಸವಂತರಾಯರು ಕೈಗೋಡೆಗೆ ಎದೆ ಒತ್ತಿ ನಿಂತು ತೋರಿಸಿದರು. "ಅಂಥಾ ಭಾರೀ ಆಳನ್ನ ಇಷ್ಟು ಎತ್ತರದ ಹಸಿ ಗ್ವಾಡಿ ಮ್ಯಾಲಿಂದ ಎತ್ತಿ ಒಗೀಬೇಕು. ಅಂವ ಗುದ್ದಾಡತಾನ, ಗ್ವಾಡಿ ಹಿಡಕೋತಾನ. ಕಪ್ಪು ಕೋಟು ಕಪ್ಪೇ ಉಳೀತದೇನು?"

ದೂಜ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

"ಇನ್ನು ಇವು." ಚಪ್ಪಲಿಗಳನ್ನು ತಿರುಗಿಸಿ ತಳ ತೋರಿಸಿದರು. ಟೆರೇಸಿನ ನೆಲದ ತುಂಬ ಸುಣ್ಣದ ಹನಿಗಳು ಒಣಗಿ ಹಕ್ಕಳೆಯಾಗಿದ್ದವು. ಬಾಗಿಲಿನ ಹತ್ತಿರವಂತೂ ಬಕೆಟ್ಟು ಇಟ್ಟು ಎತ್ತಿದ ಜಾಗದಲ್ಲಿ ದಪ್ಪನೆಯ ಬಿಳಿ ಬಳೆ. "ಚಪ್ಪಲಿ ತಳದಾಗ ಬೀದಿ ಮಣ್ಣದ. ಸುಣ್ಣ ಇಲ್ಲ. ಈ ಚಪ್ಪಲಿ ಹಾಕ್ಕೊಂಡು ಯಾರೂ ಇಲ್ಲಿ ನಡೆದಿಲ್ಲ. ಸುಣ್ಣ ಒಣಗಿದ ಮ್ಯಾಲೆ ಯಾರೋ ತಂದಿಟ್ಟಾರ."

"ಸಾರ್," ಎಂದ ದೂಜ. ಅವನ ದನಿ ಇಳಿದಿತ್ತು. "ಇದನ್ನು ಬಿಟ್ಟುಬಿಡಿ ಸಾರ್. ಇನ್ನು ಸ್ವಲ್ಪ ದಿನದಲ್ಲಿ ಕಮಿಷನರ ಕುರ್ಚಿ ನಿಮ್ಮದು ಅಂತ ಎಲ್ಲರಿಗೂ ಗೊತ್ತುಂಟು. ಒಬ್ಬ ಸುಣ್ಣದವನಿಗಾಗಿ ಯಾಕೆ?"

ಬಸವಂತರಾಯರು ಚಪ್ಪಲಿಗಳನ್ನು ಹವಾಲ್ದಾರನಿಗೆ ಕೊಟ್ಟು, ಕೈಗೋಡೆಯಿಂದ ಬಗ್ಗಿ ಕೆಳಗೆ ನೋಡಿದರು.

ಹಿಂದಿನ ಗೋಡೆಯ ಉದ್ದಕ್ಕೂ ಕಿಟಕಿಗಳ ಸಾಲು. ಎಲ್ಲಕ್ಕೂ ತುಕ್ಕು ಹಿಡಿದ ಸರಳುಗಳು. ಮೂರನೇ ಮಜಲಿನ ಒಂದು ಕಿಟಕಿಗೆ ಮಾತ್ರ ಹೊಸ ಸರಳು. ಹಸಿರು ಬಣ್ಣ ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು. ಹೆಣ ಬಿದ್ದಿದ್ದ ಜಾಗ ಅದರ ನೇರ ಕೆಳಗಿತ್ತು.

"ಆ ಖೋಲಿ ಯಾರದು?"

ದೂಜ ಬಗ್ಗಿ ನೋಡಲೇ ಇಲ್ಲ.

"ಪಾಟಣಕರ್ ಕಂಪನಿಯದ್ದು ಸಾರ್," ಎಂದ. "ಅವರ ಅತಿಥಿಗಳಿಗೆ ಅಂತ ಇಟ್ಟದ್ದು. ಈ ಬಿಲ್ಡಿಂಗೂ ಅವರದ್ದೇ."

* * *

ಮೂರನೇ ಮಜಲಿನ ಬಾಗಿಲಿಗೆ ದಪ್ಪ ಬೀಗ ಬಿದ್ದಿತ್ತು. ಅದರ ನೇರ ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಕಿಟಕಿಯ ಬಳಿ ಕೂತು ಅಕ್ಕಿ ಹಸನು ಮಾಡುತ್ತಿದ್ದ ಮುದುಕಿ ಖಾಕಿ ಕಂಡ ಕೂಡಲೇ ಮೊರ ಕೆಳಗಿಟ್ಟು ಸೆರಗು ಹೊದ್ದುಕೊಂಡಳು. ಹೆಸರು ರುಕ್ಮಿಣಿಬಾಯಿ. ಅಕ್ಕಲಕೋಟೆಯವಳು. ಮಗ ಮಿಲ್ಲಿಗೆ ಹೋಗಿದ್ದ, ಸೊಸೆ ನಲ್ಲಿಗೆ ಹೋಗಿದ್ದಳು.

"ಕಾಯ್ ಪಾಹಿಜೇ ಸಾಹೇಬ?" ಎಂದು, ಏನು ಬೇಕು ಅಂತ ಮರಾಠಿಯಲ್ಲಿ ಕೇಳಿದಳು.

"ಕನ್ನಡದಾಗ ಮಾತಾಡ್ರಿ ಅಜ್ಜಿ. ನಾ ಬಿಜಾಪುರದ ಕಡಿಯಾವ."

ಮುದುಕಿಯ ಮುಖ ಸಡಿಲಾಯಿತು. ಆದರೂ ಕಣ್ಣು ಬಾಗಿಲಲ್ಲಿ ನಿಂತಿದ್ದ ದೂಜನ ಕಡೆ ಹೊರಳಿತು.

"ದೂಜ, ನೀ ಕೆಳಗ ಹೋಗು," ಎಂದರು ಬಸವಂತರಾಯರು.

ಅವನ ಬೂಟಿನ ಸದ್ದು ಮೆಟ್ಟಿಲಿಳಿದು ಹೋಗುವ ತನಕ ಮುದುಕಿ ಬಾಯಿ ಬಿಡಲಿಲ್ಲ.

"ಅವತ್ತೂ ಹೇಳಿದ್ದೆ ನಾ, ಅವರ ಮುಂದನೇ ಹೇಳಿದ್ದೆ. ಕಿಡಕಿ ಮುಚ್ಚಿಕೊಂಡು ಕೂಡ್ರು ಅಜ್ಜಿ ಅಂದ್ರು."

"ನನ್ನ ಮುಂದ ಹೇಳ್ರಿ."

"ಅಂವ ಬೀಳೂವಾಗ ಒದರಲಿಲ್ಲ ಸಾಹೇಬ. ಇಲ್ಲೇ ಕೂತಿದ್ದೆ. ನನ್ನ ಕಿಡಕಿ ಮುಂದಿಂದನೇ ಹೋದ, ಅರಿವಿ ಗಂಟು ಒಗದಂಗ. ಜೀವ ಇದ್ದಾವ ಬಿದ್ರ ಅವ್ವಾ ಅಂತಾನ, ದೇವರೇ ಅಂತಾನ. ಅಂವ ಏನೂ ಅನ್ನಲಿಲ್ಲ."

"ಅದಕ್ಕಿಂತ ಮೊದಲ?"

"ಮ್ಯಾಲಿನ ಖೋಲ್ಯಾಗ ಜೋರು ಜಗಳ. ಒಬ್ಬಾಂವ ನಮ್ಮ ಮಾತಿನ್ಯಾಗ ಒದರತಿದ್ದ. ಕಂಬ ಬಿರೀತಾವ ಅಂತ ನಾ ಮುಂಜಾನೆನೇ ಹೇಳಿದ್ದೆ, ಆದ್ರೂ ಮಂದೀನ್ನ ಹತ್ತಿಸು ಅಂದ್ರಿ, ಅದನ್ನ ಕೋರ್ಟಿನ್ಯಾಗ ಹೇಳೇ ಹೇಳ್ತೀನಿ ಅಂದ. ಎರಡು ಸಲ ಅಂದ. ಹಿಂದೀಯೊಳಗೂ ಯಾರೋ ಬೈದ್ರು. ಆಮ್ಯಾಲೆ ಧಪ್ ಅಂತ ಸಪ್ಪಳಾತು. ಆಮ್ಯಾಲೆ ಏನೂ ಇಲ್ಲ."

"ಹಿಂದೀದವರೊಬ್ಬರೇ ಇದ್ರೇನು?"

"ಇನ್ನೊಬ್ಬರಿದ್ರು." ರುಕ್ಮಿಣಿಬಾಯಿ ನೆನಪು ಮಾಡಿಕೊಂಡಳು. "ಅವರದು ಭಾಳ ಸಣ್ಣ ದನಿ. ಕಲಿತವರದು. ಕನ್ನಡಾನೇ, ಧಾರವಾಡದ ಕಡೀದು. ಒದರಾಟ ನಡದಾಗ ಅವರು ಮಾತ್ರ ಸಮಾಧಾನದಾಗ, 'ತಮ್ಮಾ, ಉಗುಳು ನುಂಗಿ ಮಾತಾಡು' ಅಂದ್ರು. ನನಗ ನಗಿ ಬಂತು. ಅಂಥಾ ಮಾತು ಯಾರರೆ ಆಡ್ತಾರೇನು?"

ಆಡುತ್ತಿದ್ದವನು ಒಬ್ಬನೇ ಒಬ್ಬ.

ಬಸವಂತರಾಯರು ಅಲ್ಲಿದ್ದ ಮುರುಕು ಸ್ಟೂಲಿನ ಮೇಲೆ ಕೂತರು. ಹೈಕೋರ್ಟಿನಲ್ಲಿ ಕನ್ನಡದ ಸಾಕ್ಷಿ ಕಟಕಟೆಗೆ ಬಂದಾಗಲೆಲ್ಲ ಆ ಮಾತನ್ನು ಕೇಳಿದ್ದರು. ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಲಾರದೆ ತಡವರಿಸುತ್ತಿದ್ದ, ಜಡ್ಜರು ಕಾರಣ ಕೇಳುತ್ತಿದ್ದರು, ಸಾಕ್ಷಿ ನಿಜವಾಗಿಯೂ ಉಗುಳು ನುಂಗುತ್ತಿದ್ದ. ಅಷ್ಟರಲ್ಲಿ ಅವನ ಧೈರ್ಯ ಹೋಗಿರುತ್ತಿತ್ತು. ಬ್ಯಾರಿಸ್ಟರ್ ಭೀಮರಾಯನ ಹಳೇ ಪಟ್ಟು ಅದು.

ಲಂಡನ್ನಿನ ಚಳಿಯಲ್ಲಿ ಒಂದೇ ಕೋಣೆಯಲ್ಲಿದ್ದವರು, ಒಂದೇ ಓವರ್‌ಕೋಟನ್ನು ಸರದಿಯ ಮೇಲೆ ತೊಟ್ಟವರು ಇಬ್ಬರೂ. ಭೀಮರಾಯ ಈಗ ಪಾಟಣಕರನ ವಕೀಲ.

ಕೆಳಗೆ ಜೀಪಿನ ಬಳಿ ದೂಜ ಬೀಡಾ ಜಗಿಯುತ್ತ ನಿಂತಿದ್ದ. ಸಾಹೇಬರನ್ನು ಕಂಡು ಉಗುಳಿ ಬಂದ.

"ಆಕೀ ಹೇಳಿಕೆ ಯಾಕ ತಗೊಳ್ಳಲಿಲ್ಲ?"

"ಫೋನು ಬಂದಿತ್ತು ಸಾರ್. ಸುಣ್ಣದವನನ್ನು ಹಿಡಿ, ಹೆಚ್ಚು ಹುಡುಕಬೇಡ ಅಂದರು."

"ಯಾರು?"

"ಹೆಸರು ಹೇಳಿ ಫೋನು ಮಾಡುವವರು ಇಂಥಾ ಫೋನು ಮಾಡುವುದಿಲ್ಲ ಸಾರ್." ದೂಜ ಮೊದಲ ಸಲ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ನೀವು ಬ್ಯಾರಿಸ್ಟರ್. ಕೆಲಸ ಹೋದರೆ ಗೌನು ಉಂಟು ನಿಮಗೆ. ನನಗೆ ಎಂತ ಉಂಟು ಮಾರಾಯ್ರೇ?"

* * *

ಠಾಣೆಯ ಮೆಟ್ಟಿಲ ಮೇಲೆ ಟಿಫಿನ್ ಡಬ್ಬಿ ಹಿಡಿದು ಒಬ್ಬ ಹೆಂಗಸು ಕೂತಿದ್ದಳು. ದಾವಲಸಾಬನ ಹೆಂಡತಿ ಅಜೀಜಾಬಿ. ಅವನನ್ನು ಹಿಡಿದು ತಂದ ದಿನದಿಂದ ಊಟ ತಂದು ಕೂಡುತ್ತಿದ್ದಳಂತೆ. ಯಾರೂ ಒಳಗೆ ಬಿಟ್ಟಿರಲಿಲ್ಲ.

ಬಸವಂತರಾಯರು ಡಬ್ಬಿಯನ್ನು ತಾವೇ ಇಸಿದುಕೊಂಡು ಒಳಗೆ ಹೋದರು.

ದಾವಲಸಾಬ ಗೋಡೆಗೆ ಒರಗಿ ಕೂತಿದ್ದ. ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಅಂಗಾಲು ಎರಡೂ ಬಾತುಕೊಂಡಿದ್ದವು. ಸುಣ್ಣ ತಿಂದ ಅಂಗೈಗಳನ್ನು ಮಡಿಲಲ್ಲಿ ಅಡಗಿಸಿಟ್ಟುಕೊಂಡಿದ್ದ.

"ಕೂಡ್ರು. ಉಣ್ಣು ಮೊದಲ."

"ಹಸಿವಿಲ್ರಿ ಸಾಹೇಬ."

"ಸಿದ್ದರಾಮಪ್ಪನ್ನ ನೂಕಿದಿ ಅಂತ ಹೇಳಿಯಂತ."

"ಹೇಳೀನ್ರಿ. ಹೊಡಿಯೂದು ನಿಲ್ಲಿಸಲಿ ಅಂತ ಹೇಳೀನಿ." ಬಾತ ಕಾಲನ್ನು ಮೆಲ್ಲಗೆ ಮಡಿಸಿಕೊಂಡ. "ದಾದರದಾಗ ಅಂವನ ಕಾಲರ್ ಹಿಡಿದಿದ್ದು ಖರೇರಿ. ನಮ್ಮಣ್ಣನ್ನ ಕೊಂದಿ ಅಂತ ಒದರಿದೆ. ಅಂವ ತಿರುಗಿ ಹೊಡೀಲಿಲ್ಲ. ಅಷ್ಟು ದೊಡ್ಡ ಗಂಡಸು ನನ್ನ ಕೈ ಹಿಡಕೊಂಡು ಸ್ಟೇಶನ್ ಮುಂದ ಅತ್ತಾನ್ರಿ. ದಾವಲಾ, ಕಂಬ ಬಿರಿಯೂದು ನೋಡಿದ್ದೆ, ಬ್ಯಾಡ ಅಂದಿದ್ದೆ, ಸೇಠ್ ಕೇಳಲಿಲ್ಲ, ಇನ್ನ ನಾ ಸುಮ್ಮನಿರೂದಿಲ್ಲ, ಕೋರ್ಟಿನ್ಯಾಗ ನಿಂತು ಹೇಳ್ತೀನಿ ಅಂದ. ಅಂಥವನ್ನ ನಾ ಯಾಕ ಕೊಲ್ಲಲಿ? ನಮ್ಮಣ್ಣನ ಸಲುವಾಗಿ ಮಾತಾಡಾಕ ಇದ್ದಾವ ಅಂವನೊಬ್ಬನ ಇದ್ದ."

"ಅಂವ ಬಿದ್ದಾಗ ನೀ ಎಲ್ಲಿದ್ದಿ?"

"ಕೆಳಗ, ಮುಂದಿನ ಅಂಗಳದಾಗ ಸುಣ್ಣ ಕಲಸತಿದ್ದೆ. ಮಂದಿ ಓಡಿದ್ರು, ನಾನೂ ಓಡಿದೆ. ಅಂವನ ತಲಿ ನನ್ನ ತೊಡಿ ಮ್ಯಾಲೆ ಇಟ್ಕೊಂಡಿದ್ದೆ. ಅದನ್ನ ನೋಡೇ ಹಿಡಿದ್ರು."

ಬಸವಂತರಾಯರು ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟರು. ಒಳಗೆ ಜೋಳದ ರೊಟ್ಟಿ, ಕಾರದ ಚಟ್ನಿ.

"ನಾಳೆ ಮ್ಯಾಜಿಸ್ಟ್ರೇಟರ ಮುಂದ ನಿಂದಿರಸ್ತೀನಿ. ನಿನ್ನ ಮ್ಯಾಲೆ ಕೇಸ್ ಇಲ್ಲ ಅಂತ ಪೊಲೀಸರೇ ಹೇಳ್ತಾರ. ಹೊಡದಾರ ಅಂತ ಹೇಳಬೇಕಂದ್ರ ಅದನ್ನೂ ಹೇಳು. ಅಂಜಬ್ಯಾಡ."

ದಾವಲಸಾಬ ಅವರನ್ನೇ ನೋಡಿದ. ನಂಬಬೇಕೋ ಬೇಡವೋ ಅವನಿಗೆ ತಿಳಿಯದಂತಿತ್ತು. ಕಡೆಗೆ ರೊಟ್ಟಿ ಮುರಿದ.

ಹೊರಗೆ ಬಂದು ಬಸವಂತರಾಯರು ಅಜೀಜಾಬಿಗೆ ಖಾಲಿ ಡಬ್ಬಿ ಕೊಟ್ಟರು. "ನಾಳೆ ಮನೀಗೆ ಬರ್ತಾನವ್ವಾ," ಎಂದರು. ಆಕೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ಅತ್ತಳು.

* * *

ಸಂಜೆ ಫೋರ್ಟಿನ ಹಳೇ ಕಟ್ಟಡವೊಂದರಲ್ಲಿದ್ದ ತನ್ನ ಆಫೀಸಿಗೆ ಭೀಮರಾಯ ಬಸವಂತರಾಯರನ್ನು ಬಾಗಿಲ ತನಕ ಬಂದು ಕರೆದೊಯ್ದ. ಮೈ ಬೆಳೆದಿತ್ತು, ದನಿ ಮಾತ್ರ ಅದೇ. ಕಾಯಿದೆ ಪುಸ್ತಕಗಳ ಗೋಡೆಯ ಮುಂದೆ ಎರಡು ಕುರ್ಚಿ ಎದುರುಬದುರು ಹಾಕಿಸಿ, ಜೂನಿಯರುಗಳನ್ನೆಲ್ಲ ಮನೆಗೆ ಕಳಿಸಿದ.

"ಭಾಳ ದಿನಾ ಆತಲ್ಲೋ ಬಸೂ. ಚಹಾ ಹೇಳ್ಲೇನು?"

"ಶುಕ್ರವಾರ ಮಧ್ಯಾಹ್ನ ಆಂಟಾಪ್ ಹಿಲ್‌ನ್ಯಾಗ ಏನು ಮಾಡ್ತಿದ್ದಿ?"

ಭೀಮರಾಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಯಾರು ನೋಡ್ಯಾರ?"

"ನೋಡಿಲ್ಲ. ಕೇಳ್ಯಾರ. ಉಗುಳು ನುಂಗಿ ಮಾತಾಡು ಅಂದಿ."

ಭೀಮರಾಯ ನಕ್ಕ. ನಗು ಅರ್ಧಕ್ಕೇ ನಿಂತಿತು.

"ಹೋಗಿದ್ದೆ," ಎಂದ. "ಕಕ್ಷಿದಾರ ಕರೆದಲ್ಲಿ ವಕೀಲ ಹೋಗ್ತಾನ. ಆ ಮುಕಾದಮನ ಮನಸ್ಸು ತಿರುಗಿಸಲಿಕ್ಕೆ ನೋಡಿದೆ. ಒಪ್ಪಲಿಲ್ಲ. ನಾ ಎದ್ದು ಬಂದೆ."

"ಎದ್ದು ಬಂದಾಗ ಅಂವ ಬದುಕಿದ್ದನೇನು?"

"ಅದು ನನ್ನ ಕಕ್ಷಿದಾರನಿಗೆ ಸೇರಿದ ಮಾತು. ಅದನ್ನ ನನ್ನ ಬಾಯಿಂದ ತಗಿಯೂ ಹಕ್ಕು ನಿನಗಿಲ್ಲ. ಕಾನೂನು ಮರತಿ ಏನು?"

"ಮರತಿಲ್ಲ. ಕಕ್ಷಿದಾರ ಹೇಳಿದ್ದನ್ನ ವಕೀಲ ಮುಚ್ಚಿಡಬಹುದು. ಕಕ್ಷಿದಾರ ಕೊಲಿ ಮಾಡೂದನ್ನ ಕಣ್ಣಿಂದ ಕಂಡು ಮುಚ್ಚಿಟ್ರ ಅದಕ್ಕ ಯಾವ ಕಾನೂನೂ ಪರದೆ ಹಿಡಿಯೂದಿಲ್ಲ. ನಾವಿಬ್ಬರೂ ಒಂದೇ ಬೆಂಚಿನ ಮ್ಯಾಲೆ ಕೂತು ಓದೀವಿ."

"ಓದಿದ್ದು ಹೌದು. ನಡಿಸಿದ್ದು ನಾನೊಬ್ಬನೇ." ಭೀಮರಾಯ ಮುಂದೆ ಬಾಗಿದ. "ನೀ ಓಡಿ ಹೋದಿ ಬಸೂ. ಒಬ್ಬನಿಗೆ ಗಲ್ಲಾತು ಅಂತ ಗೌನು ಬಿಚ್ಚಿ ಒಗದಿ. ಪೊಲೀಸಿಗೆ ಹೋಗಿ ಅಲ್ಲಿ ಎಲ್ಲಾ ಸರಿ ಮಾಡ್ತೀನಿ ಅಂದಿ. ಮಾಡಿದಿಯೇನು? ಇವತ್ತಿಗೂ ನಿನ್ನ ಠಾಣೆದಾಗ ಕಾಲಿಗೆ ಹೊಡೀತಾರ. ನೀ ಮ್ಯಾಲೆ ಕೂತೀದಿ, ಕೆಳಗ ಹೊಡೀತಾರ. ನಾ ಬರೇ ಮಾತು ಮಾರ್ತೀನಿ. ನಮ್ಮಿಬ್ಬರೊಳಗ ಹೊಲಸು ಯಾರು?"

ಬಸವಂತರಾಯರು ಮಡಿಲಲ್ಲಿದ್ದ ಟೋಪಿಯನ್ನು ನೋಡಿದರು. ದಾವಲಸಾಬನ ಅಂಗಾಲುಗಳು ಕಣ್ಣ ಮುಂದೆ ಬಂದವು. ಕೋರ್ಟಿನಲ್ಲಿದ್ದಿದ್ದರೆ ಆ ಅಂಗಾಲುಗಳನ್ನು ಜಡ್ಜರಿಗೆ ತೋರಿಸಿ ಗುಡುಗುತ್ತಿದ್ದರು. ಈಗ ಹೊಡೆದವನು ತಮ್ಮದೇ ಇನ್‌ಸ್ಪೆಕ್ಟರ್. ಅವನ ವರ್ಷದ ವರದಿಯಲ್ಲಿ 'ಉತ್ತಮ' ಎಂದು ಬರೆದು ಸಹಿ ಹಾಕಿದವರು ತಾವೇ.

"ಇಬ್ಬರೂ," ಎಂದರು ಕಡೆಗೆ. "ಆದ್ರ ಸಿದ್ದರಾಮಪ್ಪ ಸತ್ತದ್ದು ನಿನ್ನ ಕಣ್ಣ ಮುಂದ."

ಭೀಮರಾಯ ಸಿಗಾರಿನ ಪೆಟ್ಟಿಗೆ ತೆಗೆದು ಮತ್ತೆ ಮುಚ್ಚಿದ.

"ನಾ ಬ್ಯಾಡ ಅಂದೆ," ಎಂದ, ಬಹಳ ಸಣ್ಣಗೆ. "ಬಾಗಿಲಾ ತಗೊಂಡು ಹೊರಗ ಹೊಂಟಿದ್ದೆ. ಹಿಂದ ಸಪ್ಪಳ ಕೇಳಿಸ್ತು. ತಿರುಗಿ ನೋಡಿದೆ. ಪಾಟಣಕರನ ಕೈಯಾಗ ಹಿತ್ತಾಳಿ ಹೂದಾನಿ ಇತ್ತು." ತಟ್ಟನೆ ತಲೆ ಎತ್ತಿದ. "ಈ ಮಾತು ಈ ಕೋಣೆ ಬಿಟ್ಟು ಹೊರಗ ಬಂದ್ರ ನಾ ಆಡೇ ಇಲ್ಲ ಅಂತೀನಿ. ನಿನ್ನ ಮಾತು, ನನ್ನ ಮಾತು. ಕೋರ್ಟು ಯಾರನ್ನ ನಂಬ್ತದ ಅಂತ ನಿನಗ ಗೊತ್ತದ."

"ಅಜ್ಜಿಯನ್ನ ನಂಬ್ತದ. ಸುಣ್ಣ ಹತ್ತದ ಕೋಟನ್ನ ನಂಬ್ತದ. ಶುಕ್ರವಾರ ಸರಳಿಲ್ಲದ ಆ ಕಿಟಕಿಗೆ ಆಮ್ಯಾಲೆ ಹೊಸ ಸರಳು ಹಾಕಿದ ಕಂಬಾರನ್ನ ನಾಳೆ ಹುಡುಕಿ ತರ್ತೀನಿ. ಅಂವನ್ನೂ ನಂಬ್ತದ."

"ಕಮಿಷನರ್ ಆಗೂದು ಬಿಟ್ಟು ಈ ಉಸಾಬರಿ ಯಾಕೋ ನಿನಗ? ನಿನ್ನ ಹೆಸರು ಮ್ಯಾಲೆ ಹೋಗೇದ. ಪಾಟಣಕರ್ ಒಂದು ಮಾತು ಹೇಳಿದ್ರ ಆಗ್ತದ, ಒಂದು ಮಾತು ಹೇಳಿದ್ರ ನಿಲ್ತದ."

"ನಿಲ್ಲಲಿ."

ಅವರು ಎದ್ದು ಟೋಪಿ ಹಾಕಿಕೊಂಡರು. "ಭೀಮೂ, ನೀನಾಗಿ ಬಂದು ಸಾಕ್ಷಿ ಹೇಳು. ನಾಳೆ ಸಂಜೀತನಕ ಕಾಯ್ತೀನಿ. ಆಮ್ಯಾಲೆ ವಾರಂಟ್ ತರ್ತೀನಿ."

ಭೀಮರಾಯ ಈ ಸಲ ಬಾಗಿಲ ತನಕ ಬರಲಿಲ್ಲ. ಕುರ್ಚಿಯಲ್ಲೇ ಕೂತು ಟೆಲಿಫೋನನ್ನು ನೋಡುತ್ತಿದ್ದ.

* * *

ಮರುದಿನ ಬೆಳಿಗ್ಗೆ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಡೆಪ್ಯುಟಿ ಕಮಿಷನರೇ ಬಂದಿದ್ದನ್ನು ಕಂಡು ಗುಮಾಸ್ತರು ಎದ್ದು ನಿಂತರು. ಇಂಥ ಕೆಲಸಕ್ಕೆ ಸಬ್ ಇನ್‌ಸ್ಪೆಕ್ಟರ್ ಬಂದರೆ ಹೆಚ್ಚು.

ಸರಕಾರಿ ವಕೀಲರು ಅರ್ಜಿ ಓದಿದರು: ಆರೋಪಿಯ ವಿರುದ್ಧ ಸಾಕಷ್ಟು ಸಾಕ್ಷ್ಯವಿಲ್ಲ, ಬಿಡುಗಡೆ ಮಾಡಲು ಪೊಲೀಸರ ಅಡ್ಡಿಯಿಲ್ಲ. ಕಟಕಟೆಯಲ್ಲಿ ದಾವಲಸಾಬ ಕಂಬಿ ಹಿಡಿದು ನಿಂತಿದ್ದ. ಬಸವಂತರಾಯರು ಅವನ ಕಡೆ ನೋಡಿ ತುಸು ತಲೆಯಾಡಿಸಿದರು. ಅವನು ನೋಟ ಕಿತ್ತುಕೊಂಡ.

ಮ್ಯಾಜಿಸ್ಟ್ರೇಟರು ವಯಸ್ಸಾದವರು, ತಾಳ್ಮೆಯವರು. ಹಿಂದಿಯಲ್ಲಿ ಕೇಳಿದರು: "ಪೊಲೀಸರ ಮೇಲೆ ನಿನ್ನದು ಏನಾದರೂ ದೂರಿದೆಯೇ?"

"ಇಲ್ಲ ಸಾಬ."

"ಹೊಡೆದಿದ್ದಾರೆಯೇ?"

"ಇಲ್ಲ ಸಾಬ. ಯಾರೂ ಹೊಡೆದಿಲ್ಲ." ದಾವಲಸಾಬ ಕಂಬಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದ. "ನನ್ನನ್ನ ಬಿಡಬ್ಯಾಡ್ರಿ. ಮೈಚ್ ಢಕೇಲ್ಯಾ ಸಾಬ. ನಾನೇ ನೂಕೀನಿ. ಸಿದ್ದರಾಮಪ್ಪನ್ನ ನಾನೇ ಕೊಂದೀನಿ."

ಸರಕಾರಿ ವಕೀಲರ ಕೈಯಲ್ಲಿದ್ದ ಅರ್ಜಿ ಹಾಗೆಯೇ ನಿಂತಿತು.

"ಸುಳ್ಳು!" ಬಸವಂತರಾಯರಿಗೆ ಅರಿವಿಲ್ಲದೆ ಬಾಯಿಂದ ಬಂದುಹೋಯಿತು. "ಇವ ಸುಳ್ಳು ಹೇಳ್ತಿದ್ದಾನೆ ಯುವರ್ ಆನರ್, ಇವನನ್ನು ಯಾರೋ..."

"ಡೆಪ್ಯುಟಿ ಕಮಿಷನರ್," ಮ್ಯಾಜಿಸ್ಟ್ರೇಟರು ಕೈ ಎತ್ತಿ ತಡೆದರು. "ನೀವು ಕಾಯಿದೆ ಬಲ್ಲವರು. ಈ ಮನುಷ್ಯ ನನ್ನೆದುರು ತಪ್ಪೊಪ್ಪಿಗೆ ಕೊಡಲು ಬಯಸುತ್ತಿದ್ದಾನೆ. ಪೊಲೀಸರ ಒತ್ತಾಯವಿಲ್ಲವೆಂದು ನನಗೆ ಖಾತ್ರಿಯಾಗಬೇಕು. ಖಾಕಿ ತೊಟ್ಟವರೆಲ್ಲ ಹೊರಗೆ ಹೋಗಿ. ನೀವೂ."

ಹೌದು, ಕಾಯಿದೆ ಅದೇ. ಅವರೇ ಎಷ್ಟೋ ಸಲ ಗೌನು ತೊಟ್ಟು ನಿಂತು, ಪೊಲೀಸರನ್ನು ಹೊರಗೆ ಕಳಿಸಿ ಎಂದು ಇದೇ ಕೋರ್ಟಿನಲ್ಲಿ ವಾದಿಸಿದ್ದರು. ಬಸವಂತರಾಯರು ತಲೆಬಾಗಿ, ಟೋಪಿಯನ್ನು ಕಂಕುಳಲ್ಲಿ ಒತ್ತಿಕೊಂಡು ಹೊರಗೆ ನಡೆದರು. ಹಿಂದೆ ಬಾಗಿಲು ಮುಚ್ಚಿತು.

ವರಾಂಡದ ಆ ತುದಿಯಲ್ಲಿ ದೂಜ ಗೋಡೆಗೆ ಒರಗಿ ನಿಂತಿದ್ದ. ಇನ್ನೊಂದು ತುದಿಯಿಂದ ಕಪ್ಪು ಗೌನಿನ ಭಾರೀ ಆಕೃತಿಯೊಂದು ನಿಧಾನವಾಗಿ ನಡೆದು ಬಂತು. ಭೀಮರಾಯ. ಅವನ ಹಿಂದೆ, ನೆಲ ನೋಡಿಕೊಂಡು, ಅಜೀಜಾಬಿ.

"ಇಲ್ಲಿ ಏನು ಕೆಲಸ ನಿನಗ?"

"ವಕಾಲತ್ತು," ಎಂದ ಭೀಮರಾಯ. ರಾತ್ರಿಯಿಡೀ ನಿದ್ದೆಯಿಲ್ಲದ ಮುಖ. ಕಣ್ಣು ಎತ್ತಿ ನೋಡಲಿಲ್ಲ. "ನಾ ಇವತ್ತಿನಿಂದ ದಾವಲಸಾಬನ ವಕೀಲ. ಅವನ ಹೆಂಡತೀನೇ ನನ್ನ ನೇಮಿಸ್ಯಾಳ. ಆರೋಪಿಯ ವಕೀಲನ್ನೇ ಅದೇ ಕೇಸಿನ್ಯಾಗ ಸಾಕ್ಷಿ ಮಾಡೂದು ಭಾಳ ಕಷ್ಟ ಬಸೂ. ದಾರಿ ಬಿಡು."

ಬಸವಂತರಾಯರು ದಾರಿ ಬಿಡಲಿಲ್ಲ. ಆದರೆ ಒಳಗಿನಿಂದ ಚಪರಾಸಿ ಬಾಗಿಲು ತೆಗೆದು, ಆರೋಪಿಯ ವಕೀಲರು ಬರಬಹುದು ಎಂದು ಕೂಗಿದ. ಭೀಮರಾಯ ಪಕ್ಕಕ್ಕೆ ಸರಿದು ಒಳಗೆ ಹೋದ.

ವರಾಂಡದಲ್ಲಿ ಉಳಿದವಳು ಅಜೀಜಾಬಿ. ಆಕೆಯ ಹೆಬ್ಬೆರಳಿಗೆ ಹತ್ತಿದ ಶಾಯಿ ಇನ್ನೂ ಹಸಿಯಿತ್ತು.

"ಏನು ಮಾಡಿದಿ ತಾಯೀ?" ಎಂದರು ಬಸವಂತರಾಯರು. "ನಿನ್ನ ಗಂಡ ಒಂದು ಮಾತಿಗೆ ಮನೀಗೆ ಬರಾಂವ ಇದ್ದ. ಈಗ ಗಲ್ಲಿಗೆ ಹೋಗ್ತಾನ. ಯಾಕ?"

ಅಜೀಜಾಬಿ ತಲೆ ಎತ್ತಿದಳು. ಅತ್ತೂ ಅತ್ತೂ ಕಣ್ಣು ಬತ್ತಿದ್ದವು.

"ನನ್ನ ಮಗಳು ರಜಿಯಾ, ಸಾಹೇಬ. ಹದಿನಾರರ ಹುಡುಗಿ. ನಿನ್ನೆ ಸಂಜೀಕ ನಮ್ಮ ಚಾಳಿನ ಮನೀಗೆ ಪೊಲೀಸ್ ಜೀಪ್ ಬಂತ್ರಿ. ಅಪ್ಪನ ಬಗ್ಗೆ ಕೇಳೂದೈತಿ, ದೊಡ್ಡ ಸಾಹೇಬರು ಕರೆಸ್ಯಾರ ಅಂದ್ರು. ನಿಮ್ಮ ಹೆಸರು ಹೇಳಿದ್ರು. ನಿಮ್ಮ ಹೆಸರು ಕೇಳಿ ಕಳಿಸಿದೆ. ತಿರುಗಿ ಬಂದಿಲ್ರಿ." ಆಕೆ ಕೋರ್ಟಿನ ಬಾಗಿಲ ಕಡೆ ನೋಡಿದಳು. "ಮುಂಜಾನೆ ಒಬ್ಬರು ಬಂದು ಹೇಳಿದ್ರು, ಅಪ್ಪ ಕೋರ್ಟಿನ್ಯಾಗ ಒಪ್ಪಿಕೊಂಡ್ರ ಮಗಳು ಮನೀಗೆ ಬರ್ತಾಳ ಅಂತ. ಅವರಪ್ಪಗೂ ಠಾಣೆದಾಗ ಇದನ್ನ ಹೇಳ್ಯಾರ."

ನಿನ್ನೆ ಸಂಜೆ ಬಸವಂತರಾಯರು ಭೀಮರಾಯನ ಎದುರು ಕೂತು ಕಾನೂನು ಮಾತಾಡುತ್ತಿದ್ದ ಹೊತ್ತು ಅದು.

"ಜೀಪಿನ್ಯಾಗ ಯಾರಿದ್ರು ಅಜೀಜಾಬಿ? ಮುಖ ನೋಡೀಯೇನು?"

ಆಕೆ ಅವರ ಭುಜದ ಮೇಲಿಂದ, ವರಾಂಡದ ಆ ತುದಿಗೆ ನೋಡಿದಳು. ನೋಡಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಸರಿದಳು.

ಬಸವಂತರಾಯರು ತಿರುಗಿದರು.

ದೂಜ ಒರಗಿ ನಿಂತಿದ್ದ ಗೋಡೆಯ ಬಳಿ ಯಾರೂ ಇರಲಿಲ್ಲ. ಮೆಟ್ಟಿಲಲ್ಲಿ ಬೂಟುಗಳ ಸದ್ದು ಇಳಿದು ಹೋಯಿತು. ಕೆಳಗೆ ಅಂಗಳದಲ್ಲಿ ಪೊಲೀಸ್ ಜೀಪೊಂದು ಸ್ಟಾರ್ಟ್ ಆಗಿ, ಗೇಟಿನ ಕಡೆ ಓಡಿತು.